ಸಂಕಲ್ಪಕ್ಕೆ ನಾಲ್ಕು ಜನ

ಅಪ್ಪನ ಹೆಬ್ಬೆರಳು ಕಿರುಬೆರಳಿನ ನಡುವಿನ ಗೆಣ್ಣಿನಲ್ಲಿ ನಿಂತಿತು.

ಅವರು ಏನನ್ನೇ ಎಣಿಸಲಿ, ಜಪ ಎಣಿಸುವ ಕ್ರಮದಲ್ಲೇ ಎಣಿಸುತ್ತಾರೆ. ಉಂಗುರ ಬೆರಳಿನ ನಡುವಿನ ಗೆಣ್ಣಿನಿಂದ ಶುರು, ಅದರ ಬುಡಕ್ಕೆ ಇಳಿದು, ಕಿರುಬೆರಳಿನ ಬುಡಕ್ಕೆ ದಾಟಿ, ಅಲ್ಲಿಂದ ಮೇಲಕ್ಕೆ. ತೆಂಗಿನಕಾಯಿ ಎಣಿಸುವುದೂ ಹೀಗೆಯೇ, ಹಾಲಿನ ಪ್ಯಾಕೆಟ್ ಎಣಿಸುವುದೂ ಹೀಗೆಯೇ. ಹಾಗಾಗಿ ಅವರು ಬಾಯಿಬಿಟ್ಟು ಹೇಳುವ ಮೊದಲೇ ಎಷ್ಟಾಯಿತು ಎಂದು ನನಗೆ ತಿಳಿಯುತ್ತದೆ. ಕಿರುಬೆರಳಿನ ನಡು ಎಂದರೆ ನಾಲ್ಕು. ಅದರ ಮೇಲೆ ಇನ್ನೊಂದು ಗೆಣ್ಣು ಉಳಿದಿತ್ತು.

"ಸಂಕಲ್ಪಕ್ಕೆ ನಾಲ್ಕು ಜನ," ಎಂದರು ಅಪ್ಪ.

ಊಟದ ಮೇಜಿನ ಸುತ್ತ ಐದು ಜನ ಕೂತಿದ್ದೆವು.

ಸುಬ್ರಹ್ಮಣ್ಯಕ್ಕೆ ಹೋಗುವ ಮಾತು ನಡೆದಿತ್ತು. ಎರಡೇ ದಿನದ ಪ್ರಯಾಣ. ನಸುಕಿಗೆ ಹೊರಟು ಹೋಗಿ ದೇವರ ದರ್ಶನ, ರಾತ್ರಿ ಅಲ್ಲಿಯೇ ವಾಸ, ಮರುದಿನ ಬೆಳಿಗ್ಗೆ ಕುಮಾರಧಾರೆಯಲ್ಲಿ ಮಿಂದು ಆಶ್ಲೇಷಾ ಬಲಿ ಸೇವೆ, ಅಲ್ಲಿಯ ಊಟ ಮುಗಿಸಿ ಸಂಜೆಯೊಳಗೆ ಮಂಗಳೂರು. ಸೇವೆ ಯಾಕೆ ಎಂದು ಯಾರೂ ಹೇಳಲಿಲ್ಲ. ಅಣ್ಣನಿಗೂ ಅತ್ತಿಗೆಗೂ ಇನ್ನೂ ಮಕ್ಕಳಾಗಿಲ್ಲ, ಜೋಯಿಸರು ನಾಗನ ಹೆಸರು ಎತ್ತಿದ್ದಾರೆ. ಇದು ಎಲ್ಲರಿಗೂ ಗೊತ್ತಿತ್ತು. ಹೇಳದೆ ಬಿಡುವುದು ನಮ್ಮ ಮನೆಯಲ್ಲಿ ಮರ್ಯಾದೆಯ ಒಂದು ವಿಧ.

ಮಂಗಳೂರಿನ ಉರ್ವದಲ್ಲಿ ಒಂದು ಸಣ್ಣ ದೇವಸ್ಥಾನದ ಹಿಂಬದಿಯಲ್ಲಿ ನಮ್ಮ ಮನೆ. ಅಪ್ಪ ಅಲ್ಲಿಯ ಅರ್ಚಕರು. ಅಣ್ಣ ಬಂದರಿನ ಒಂದು ಸಗಟು ಅಂಗಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾನೆ. ಸಂಜೆ ಅವನು ಬಂದರೆ ಒಣಮೆಣಸಿನ ಘಾಟು ಅವನಿಗಿಂತ ಮೊದಲು ಒಳಗೆ ಬರುತ್ತದೆ. ಅತ್ತಿಗೆ ಮೈಸೂರಿನವರು. ಅವರು ಬಂದ ಮೇಲೆ ನಮ್ಮ ಊಟದ ಮೇಜಿನಲ್ಲಿ ತುಳು ಹಿಂದೆ ಸರಿದು ಕನ್ನಡ ಬಂತು. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್. ಮದುವೆಯಾಗಿ ಹೋಗಿದ್ದೆ, ಹಿಂದೆ ಬಂದಿದ್ದೇನೆ. ಕೋರ್ಟಿನ ಕಾಗದ ಕೈಗೆ ಸಿಕ್ಕಿ ಒಂದು ಮಳೆಗಾಲ ಕಳೆದಿದೆ. ಯಾಕೆ, ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ಸಂಜೆ ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸವಾಗಿತ್ತು. ಅರ್ಚಕರಿಗೆ ರಜೆ ಎಂಬುದಿಲ್ಲ. ಅಪ್ಪ ಹೊರಡಬೇಕಾದರೆ ಕುದ್ರೋಳಿಯಲ್ಲಿರುವ ಅವರ ಚಿಕ್ಕಪ್ಪನ ಮಗ ಬಂದು ಎರಡು ದಿನದ ಪೂಜೆ ನಡೆಸಿಕೊಡಬೇಕು, ಮತ್ತು ಅವರಿಗೆ ಊರೆಲ್ಲ ಮದುವೆ ಮುಂಜಿ.

"ಏಕಾದಶಿ ಬೇಡ," ಎಂದಳು ಅಮ್ಮ. "ಆಶ್ಲೇಷಾ ನಕ್ಷತ್ರದ ದಿನವೂ ಬೇಡ. ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ."

"ಆದಿತ್ಯವಾರ ಬೇಡ, ರಶ್ಶು. ಸೋಮವಾರ ಬೇಡ, ಅಪ್ಪನಿಗೆ ರುದ್ರಾಭಿಷೇಕ. ಬಾಕಿ ದಿನ ನನ್ನ ಸೇಟು ಬಿಡುವುದಿಲ್ಲ," ಎಂದ ಅಣ್ಣ. "ಹಾಗಾದ್ರೆ ಕನಸಿನಲ್ಲಿ ಹೋಗಿ ಬರುವ. ಪೆಟ್ರೋಲೂ ಉಳೀತದೆ."

"ನಿನ್ನ ಬಾಯಿಗೆ ಬೇರೆ ಕೆಲಸ ಇಲ್ಲವಾ ಮಾರಾಯ?"

"ಅಲ್ಲಮ್ಮಾ, ದೇವರಿಗೆ ಎರಡು ದಿನ ಹಸಿವಾಗದಿದ್ರೆ ಅಪ್ಪನಿಗೂ ಸ್ವಲ್ಪ ಊರು ನೋಡ್ಲಿಕ್ಕೆ ಆಗ್ತಿತ್ತು."

ಅಪ್ಪ ನಕ್ಕರು. ಅವರು ನಗುವುದು ಕಡಿಮೆ, ಹಾಗಾಗಿ ಎಲ್ಲರೂ ನಕ್ಕೆವು. ಮುಂದಿನ ವಾರದ ಬುಧವಾರ, ಗುರುವಾರ ಎಂದಾಯಿತು. ಅಣ್ಣನ ಕಾರಿನಲ್ಲಿ ಐದು ಜನ ಹಿಡಿಯುತ್ತಾರೆ. ರೂಮು ಐದು ಜನರಿಗೆ. ದಾರಿಗೆ ಇಡ್ಲಿ ಕಟ್ಟಿಕೊಳ್ಳುವುದೂ ಐದು ಜನರ ಲೆಕ್ಕದಲ್ಲಿ. ಆಮೇಲೆ ಅಪ್ಪ ಬೆರಳು ಮಡಚಿದರು. ಸೇವೆಗೆ ಮುಂಚೆ ಪುರೋಹಿತರು ಯಾರ ಪರವಾಗಿ ಈ ಪೂಜೆ ಎಂದು ದೇವರಿಗೆ ತಿಳಿಸುವ ಸಂಕಲ್ಪದಲ್ಲಿ ಗೋತ್ರ, ನಕ್ಷತ್ರ, ಹೆಸರು ಹೇಳುತ್ತಾರಲ್ಲ, ಅದಕ್ಕೆ. ತಮ್ಮದು, ಅಮ್ಮನದು, ಅಣ್ಣನದು, ಅತ್ತಿಗೆಯದು.

ನಾನು ಮಜ್ಜಿಗೆ ಬಡಿಸಲು ಎದ್ದೆ.

ಅದು ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಅಪ್ಪ ನನ್ನನ್ನು ಬಿಟ್ಟದ್ದಲ್ಲ, ಅವರ ಲೆಕ್ಕದಲ್ಲಿ ನಾನು ಇರಲಿಲ್ಲ. ಕೊಟ್ಟ ಮಗಳು ತವರಿನ ಸಂಕಲ್ಪದಲ್ಲಿ ಬರುವುದಿಲ್ಲ. ಅವಳದು ಗಂಡನ ಗೋತ್ರ. ಅತ್ತಿಗೆ ಬಂದ ದಿನ ಅವರ ಗೋತ್ರ ಬದಲಾಗಿ ನಮ್ಮದಾಯಿತು. ನಾನು ಹೋದ ದಿನ ನನ್ನದು ಬದಲಾಯಿತು. ನಾನು ಅರ್ಚಕರ ಮಗಳು, ಇದನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ. ಆದರೂ ನನ್ನ ಮದುವೆ ಮುರಿದ ಮೇಲೆ ಎಲ್ಲೆಲ್ಲಿ ಏನೇನು ಬದಲಾಯಿಸಬೇಕು ಎಂದು ಒಂದೊಂದಾಗಿ ಯೋಚಿಸಿ ಓಡಾಡಿದವಳು, ಬ್ಯಾಂಕು, ಆಧಾರ್, ಪಾಸ್‌ಪೋರ್ಟು ಎಲ್ಲ ಸರಿಮಾಡಿಕೊಂಡವಳು, ಇದೊಂದನ್ನು ಯೋಚಿಸಿಯೇ ಇರಲಿಲ್ಲ.

ನನ್ನ ಧಾರೆಯಲ್ಲಿ ಮಂತ್ರ ಹೇಳಿದ್ದು ಅಪ್ಪನೇ. ಬೇರೆ ಪುರೋಹಿತರು ಪಕ್ಕದಲ್ಲಿದ್ದರೂ ಆ ಭಾಗವನ್ನು ಅವರು ಬಿಟ್ಟುಕೊಡಲಿಲ್ಲ. ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ನನ್ನ ಮಗಳು, ಇವಳನ್ನು ಆ ಗೋತ್ರದ ಈ ವರನಿಗೆ ಕೊಡುತ್ತಿದ್ದೇನೆ ಎಂದು ಮೂರು ಸಲ ಹೇಳಿದರು. ನೀರು ನನ್ನ ಅಂಗೈ ಮೇಲಿಂದ ಇಳಿದಾಗ ತಣ್ಣಗಿತ್ತು. ಅವರ ದನಿ ಎಲ್ಲಿಯೂ ತಡವರಿಸಲಿಲ್ಲ. ಹಿಂದೆ ತೆಗೆದುಕೊಳ್ಳುವುದಕ್ಕೆ ಅಂಥದ್ದೊಂದು ಮಂತ್ರ ಇಲ್ಲ. ಯಾರಿಗೂ ಅದು ಬೇಕೆಂದು ಅನ್ನಿಸಿರಲಿಕ್ಕಿಲ್ಲ.

ಸುಬ್ರಹ್ಮಣ್ಯಕ್ಕೆ ನಾವು ಹೋಗಲು ಶುರುಮಾಡಿದ್ದೇ ನನ್ನಿಂದ. ಹುಟ್ಟಿದ್ದು ಆಶ್ಲೇಷಾ ನಕ್ಷತ್ರದಲ್ಲಿ. ನಾಗನ ನಕ್ಷತ್ರ ಎಂದು ನಾನು ಶಾಲೆಗೆ ಹೋಗುವವರೆಗೂ ವರ್ಷಕ್ಕೊಮ್ಮೆ ನನ್ನ ಹೆಸರಿನಲ್ಲಿ ಸೇವೆ ಮಾಡಿಸುತ್ತಿದ್ದರು. ಕೆಂಪು ಬಸ್ಸಿನಲ್ಲಿ ಉಪ್ಪಿನಂಗಡಿ ದಾಟುವಾಗ ನನಗೆ ವಾಂತಿ ಆಗುತ್ತಿತ್ತಂತೆ. ನನಗೆ ನೆನಪಿರುವುದು ಒಂದೇ: ಸಾಲಾಗಿ ಕೂತ ಅಷ್ಟು ಜನರ ನಡುವೆ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಸರು ಕೇಳಲು ಬಂದ ಪುರೋಹಿತರಿಗೆ ಗಟ್ಟಿಯಾಗಿ ಮೊದಲು ನನ್ನ ಹೆಸರು ಹೇಳಿದ್ದು. ಅವರ ಎದೆಯೊಳಗಿಂದ ಬಂದ ಆ ದನಿ ನನ್ನ ಬೆನ್ನಿಗೆ ತಗುಲಿತ್ತು.

ಮರುದಿನ ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಅಮ್ಮ ಒಂದು ಸೀರೆಯ ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಎಳೆಯುತ್ತ ಕೇಳಿದಳು.

"ಬುಧವಾರ, ಗುರುವಾರ ನಿನಗೆ ತೊಂದರೆ ಇಲ್ಲ ಅಲ್ವಾ?"

"ಇಲ್ಲ. ಹೋದ ವಾರವೇ ಆಯ್ತಲ್ಲ."

"ಹೌದಲ್ಲ," ಎಂದಳು. ಸೀರೆ ಮಡಚಿ ಆಯಿತು. ಮುಟ್ಟಾದರೆ ನಮ್ಮಲ್ಲಿ ಈಗಲೂ ಮೂರು ದಿನ ಅಡಿಗೆಮನೆಗೂ ದೇವರ ಕೋಣೆಗೂ ಹೋಗುವುದಿಲ್ಲ, 'ಹೊರಗೆ' ಎನ್ನುತ್ತೇವೆ. ಹೊರಗಾದವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸೇವೆಗೆ ಹೋಗಲಾಗುವುದಿಲ್ಲ. ನನ್ನ ತಾರೀಕು ನನಗಿಂತ ಚೆನ್ನಾಗಿ ಅಮ್ಮನಿಗೆ ನೆನಪಿರುತ್ತದೆ. ಅಡಿಗೆ, ಮಡಿ, ಶ್ರಾದ್ಧ ಎಲ್ಲವನ್ನೂ ಅದರ ಮೇಲೆ ಹೊಂದಿಸುವವಳು ಅವಳೇ.

ಆಚೆ ಮನೆಯ ಕಾಂಪೌಂಡಿನಿಂದ ಟೀಚರ್ ತಲೆ ಎತ್ತಿ ನೋಡಿದರು. ಕೊಂಕಣಿ ಕ್ರಿಶ್ಚಿಯನ್ನರು, ನಿವೃತ್ತರಾದ ಮೇಲೂ ಇಡೀ ಬೀದಿಗೆ ಟೀಚರ್ರೇ.

"ಎಂತ, ಎಲ್ಲ ಹೊರಟಿದ್ದೀರಂತೆ?"

"ಸುಬ್ರಹ್ಮಣ್ಯಕ್ಕೆ ಟೀಚರ್," ಎಂದಳು ಅಮ್ಮ. "ಗಿಡಕ್ಕೆ ಸ್ವಲ್ಪ ನೀರು ನೋಡಿಕೊಳ್ಳಿ."

"ಅದೆಲ್ಲ ನೋಡ್ತೇನೆ. ನನ್ನ ಮಂಡಿನೋವಿಗೂ ಒಂದು ಹೇಳಿ ಬನ್ನಿ ಮಾರಾಯ್ತಿ. ವೇಲಾಂಕಣಿಯಲ್ಲಿ ಹೇಳಿ ಹೇಳಿ ಸಾಕಾಯ್ತು, ಅಲ್ಲಿ ತಮಿಳಿನವರದ್ದೇ ಮೊದಲು ಕೇಳುವುದು ಕಾಣ್ತದೆ."

ಅಮ್ಮ ನಗುತ್ತ ಕೆಳಗೆ ಇಳಿದಳು. ಟೀಚರ್ ಹೆಸರನ್ನು ಅಲ್ಲಿ ಯಾವ ಗೋತ್ರದಲ್ಲಿ ಹೇಳುವುದು ಎಂಬ ಪ್ರಶ್ನೆ ಯಾರಿಗೂ ಬರಲಿಲ್ಲ. ಅಮ್ಮ ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು.

ನನಗೂ ಹಾಗೆ ಸಾಕಾಗಬೇಕಿತ್ತು. ಎರಡು ದಿನ ಹಾಗೆಂದೇ ಹೇಳಿಕೊಂಡೆ. ಆದರೆ ಲ್ಯಾಬಿನಲ್ಲಿ ಕೂತಾಗ, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಆ ಖಾಲಿ ಗೆಣ್ಣು ಕಣ್ಣಿಗೆ ಕಟ್ಟುತ್ತಿತ್ತು. ನನಗೆ ಸೇವೆಯ ಫಲ ಬೇಕಿರಲಿಲ್ಲ. ಅಪ್ಪ ನನ್ನ ಹೆಸರನ್ನು ತಮ್ಮವರ ಜೊತೆ ಒಂದು ಸಲ ಗಟ್ಟಿಯಾಗಿ ಹೇಳುವುದು ಬೇಕಿತ್ತು. ಹಿಂದೆ ಬಂದಂದಿನಿಂದ ಈ ಮನೆಯಲ್ಲಿ ನನಗೆ ಊಟ ಇದೆ, ಕೋಣೆ ಇದೆ, ಯಾರೂ ಒಂದು ಮಾತು ಅಂದವರಲ್ಲ. ಇದೊಂದೇ ನಾನು ಕೇಳಬೇಕೆಂದುಕೊಂಡದ್ದು.

ಶನಿವಾರ ರಾತ್ರಿಯ ರಂಗಪೂಜೆ ಇರಲಿಲ್ಲ, ದೇವಸ್ಥಾನ ಬೇಗ ಖಾಲಿಯಾಯಿತು. ಅಪ್ಪ ಅಂಗಳದ ಕಟ್ಟೆಯಲ್ಲಿ ಕೂತು ಹುಣಸೆಹುಳಿ ಹಚ್ಚಿ ಆರತಿ ತಟ್ಟೆ ಉಜ್ಜುತ್ತಿದ್ದರು. ನಾನು ನೀರು ಹೊಯ್ದೆ.

"ಅಪ್ಪ, ಸಂಕಲ್ಪಕ್ಕೆ ನನ್ನ ಹೆಸರು ಸೇರಿಸ್ಲಿಕ್ಕೆ ಆಗುವುದಿಲ್ಲವಾ?"

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ತಟ್ಟೆಯ ಅಂಚಿನ ಉದ್ದಕ್ಕೂ ಒಂದು ಸುತ್ತು ಮುಗಿಸಿದ ಮೇಲೆ ಕೇಳಿದರು: "ಯಾವ ಗೋತ್ರದಲ್ಲಿ ಹೇಳುವುದು ಮಗಾ?"

ಅದು ಚುಚ್ಚು ಮಾತಾಗಿರಲಿಲ್ಲ. ನಿಜವಾದ ಪ್ರಶ್ನೆ. ಉತ್ತರ ನನಗೆ ಗೊತ್ತಿರಬಹುದು ಎಂಬಂತೆ ಕೇಳಿದರು.

"ಆಚೆಯದ್ದು ಹೇಳುವ ಹಾಗಿಲ್ಲ," ಎಂದೆ.

"ಇಲ್ಲ, ಇಲ್ಲ. ಅದು ಬೇಡ."

"ನಮ್ಮದು?"

"ನಾನೇ ಕೊಟ್ಟದ್ದಲ್ಲವಾ," ಎಂದರು ಅಪ್ಪ. ತಟ್ಟೆಯನ್ನು ನೀರಿಗೆ ಹಿಡಿದು, "ನೋಡುವ. ಕೇಳ್ತೇನೆ," ಎಂದರು.

ಅಪ್ಪ 'ನೋಡುವ' ಎಂದರೆ ನೋಡುತ್ತಾರೆ. ಭಾನುವಾರ ಮಧ್ಯಾಹ್ನ ಪೂಜೆ ಮುಗಿಸಿ, ಊಟಕ್ಕೂ ಬಾರದೆ ಹೊರಗೆ ನಿಂತು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಸೋಮವಾರ ಹಳೆಯ ಪುಸ್ತಕಗಳ ಕಪಾಟಿನ ಬಾಗಿಲು ತೆರೆದಿತ್ತು. ಅವರು ನನಗಾಗಿ ಒಂದು ಬಾಗಿಲು ಹುಡುಕುತ್ತಿದ್ದಾರೆ ಎಂದು ನಾನು ತಿಳಿದೆ. ಬಸ್ಸಿನಲ್ಲಿ ಒಬ್ಬಳೇ ನಕ್ಕದ್ದೂ ಉಂಟು. ಲ್ಯಾಬಿನಲ್ಲಿ ಎರಡು ದಿನ ರಜೆ ಬರೆದುಕೊಟ್ಟೆ. ಅಮ್ಮನ ಹಳದಿ ರೇಷ್ಮೆ ಸೀರೆಗೆ ರವಿಕೆ ಸರಿಮಾಡಿಸಿ ತಂದೆ.

ಅತ್ತಿಗೆಗೆ ಹೇಗೋ ಗೊತ್ತಾಯಿತು. ಇಡ್ಲಿಗೆ ಉದ್ದು ನೆನೆಹಾಕುತ್ತ, ಧ್ವನಿ ತಗ್ಗಿಸಿ ಹೇಳಿದರು:

"ನೀವ್ಯಾಕೆ ಅಷ್ಟೊಂದು ತಲೆ ಕೆಡಿಸ್ಕೊಳ್ತೀರಿ? ಸುಮ್ನೆ ನಮ್ಮ ಗೋತ್ರದಲ್ಲೇ ಹೇಳ್ಬಿಡಿ. ಅಲ್ಲಿ ಯಾರು ಕೇಳ್ತಾರೆ?"

'ನಮ್ಮ ಗೋತ್ರ' ಎಂಬುದು ಅವರ ಬಾಯಲ್ಲಿ ಸಲೀಸಾಗಿ ಬಂತು. ತಪ್ಪೇನಿಲ್ಲ, ಅವರದ್ದೇ. ನಾನು ಉದ್ದಿನಲ್ಲಿದ್ದ ಒಂದು ಕಲ್ಲು ಆರಿಸಿ ಹೊರಗೆ ಹಾಕಿದೆ.

ಮಂಗಳವಾರ ಸಂಜೆ, ಹೊರಡುವ ಹಿಂದಿನ ದಿನ, ಅಪ್ಪ ದೇವಸ್ಥಾನದಿಂದ ಬಂದವರು ಕಾಲು ತೊಳೆದು ನೇರ ನನ್ನ ಕೋಣೆಯ ಬಾಗಿಲಿಗೆ ಬಂದರು. ಮುಖದಲ್ಲಿ ಭಾರ ಇಳಿದವರ ಕಳೆ ಇತ್ತು.

"ದಾರಿ ಉಂಟು," ಎಂದರು. "ದೊಡ್ಡವರನ್ನೇ ಕೇಳಿದೆ. ಕಾಶ್ಯಪ ಅಂತ ಹೇಳಿದರೆ ಏನೂ ದೋಷ ಇಲ್ಲವಂತೆ. ಬೇರೆ ಚೀಟಿ ಮಾಡಿಸುವ. ನಮ್ಮದು ಮುಗಿದ ಮೇಲೆ ನಿನ್ನದು ಹೇಳ್ತಾರೆ. ಆಯ್ತಲ್ಲ?"

"ಆಯ್ತು ಅಪ್ಪ," ಎಂದೆ.

ಕಾಶ್ಯಪ ಎಂದರೆ ಏನೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಗೋತ್ರ ತಿಳಿಯದವರಿಗೆ ಹೇಳುವ ಗೋತ್ರ ಅದು. ದೇವಸ್ಥಾನದಲ್ಲಿ ಅಪ್ಪನ ಪಕ್ಕ ಹೂವಿನ ಬುಟ್ಟಿ ಹಿಡಿದು ನಿಂತಾಗ ದಿನಕ್ಕೆ ಎಷ್ಟೋ ಸಲ ಕೇಳಿದ್ದೇನೆ. ಎಲ್ಲಿಂದಲೋ ಬಂದವರು, ದಾರಿಯಲ್ಲಿ ಹೋಗುತ್ತ ದೇವಸ್ಥಾನ ಕಂಡಿತೆಂದು ಒಳಗೆ ಬಂದವರು. ಹೆಸರು? ಹೇಳುತ್ತಾರೆ. ನಕ್ಷತ್ರ? ಹೆಂಡತಿಯ ಮುಖ ನೋಡುತ್ತಾರೆ. ಗೋತ್ರ? 'ಅದೆಲ್ಲ ಗೊತ್ತಿಲ್ಲ ಭಟ್ರೇ.' 'ಪರವಾಗಿಲ್ಲ, ಕಾಶ್ಯಪ,' ಎನ್ನುತ್ತಿದ್ದರು ಅಪ್ಪ, ಎಷ್ಟು ಮೃದುವಾಗಿ ಎಂದರೆ ಅವರಿಗೆ ಏನೂ ಕಡಿಮೆಯಾಯಿತು ಅನ್ನಿಸುತ್ತಿರಲಿಲ್ಲ. ಅದೇ ಮೃದುತನದಲ್ಲಿ ಈಗ ನನಗೆ ಹೇಳಿದ್ದರು.

ನಮ್ಮ ಲ್ಯಾಬಿಗೆ ಹೆಸರಿಲ್ಲದ ಸ್ಯಾಂಪಲ್ ಬಂದರೆ ಹಿಂದಕ್ಕೆ ಕಳಿಸುತ್ತೇವೆ. ಯಾವುದೋ ಒಂದು ಹೆಸರು ಬರೆದು ಇಟ್ಟುಕೊಳ್ಳುವುದಿಲ್ಲ.

ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಿತ್ತು. ನಾಲ್ಕು ದಿನ ಅವರು ನನ್ನನ್ನು ಒಳಗೆ ತರುವುದಕ್ಕೆಂದೇ ಹುಡುಕಿದ್ದರು. ಅವರಿಗೆ ಸಿಕ್ಕಿದ್ದು ಅಪರಿಚಿತರ ಸಾಲಿನಲ್ಲಿ ಒಂದು ಜಾಗ. ಸುಬ್ರಹ್ಮಣ್ಯದಲ್ಲಿ ನಾಲ್ವರೂ ಒಂದು ಸಾಲಿನಲ್ಲಿ ಕೂತಿರುವಾಗ, ಅವರದು ಮುಗಿದ ಮೇಲೆ, ನನ್ನ ಅಪ್ಪನ ಎದುರಿಗೇ, ನಾನು ಎಲ್ಲಿಯವಳು ಎಂದು ತಿಳಿಯದು ಎಂದು ದೇವರಿಗೆ ಹೇಳಿಸಿಕೊಳ್ಳುವುದು ನನ್ನಿಂದ ಆಗುವುದಿಲ್ಲ ಎಂದು ಖಚಿತವಾಯಿತು. ಹಾಗೆಂದು ಬೇಡ ಎಂದರೆ ಅಪ್ಪ ಮತ್ತೆ ಹುಡುಕುತ್ತಾರೆ. ಮತ್ತೆ ಹುಡುಕಿ ಸಿಗದಿದ್ದರೆ ಅವರ ಮುಖ ನಾನು ನೋಡಬೇಕು.

ಅಮ್ಮ ಅಡಿಗೆಮನೆಯಲ್ಲಿ ಇಡ್ಲಿ ಹಿಟ್ಟಿಗೆ ಉಪ್ಪು ಹಾಕುತ್ತಿದ್ದಳು. ನಾನು ಹೊಸ್ತಿಲಿನ ಈಚೆಯೇ ನಿಂತೆ.

"ಅಮ್ಮ, ನಾನು ಹೊರಗೆ."

ನಮ್ಮ ಮನೆಯಲ್ಲಿ ಈ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅಪ್ಪನಂತೂ ಕಿವಿಗೆ ಬಿದ್ದರೆ ಬೇರೆ ಕೋಣೆಗೆ ಹೋಗುತ್ತಾರೆ.

ಅಮ್ಮನ ಕೈ ಹಿಟ್ಟಿನಲ್ಲಿ ನಿಂತಿತು. ಅವಳು ಗೋಡೆಯ ಕ್ಯಾಲೆಂಡರ್ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದಳು, ಬಹಳ ಹೊತ್ತೇನಲ್ಲ.

"ಹೌದಾ," ಎಂದಳು. ಕೈ ತೊಳೆದಳು. "ಹಾಗಾದರೆ ನಿನಗೆ ಸ್ವಲ್ಪ ದೋಸೆ ಹಿಟ್ಟು ಹೊರಗೆ ಮೇಜಿನ ಮೇಲೆ ಇಟ್ಟು ಹೋಗ್ತೇನೆ. ಕರೆಂಟಿನ ಒಲೆ ಉಂಟಲ್ಲ ಅಲ್ಲಿ."

"ಆಯ್ತು."

"ಒಬ್ಬಳೇ ಇರ್ತೀಯಲ್ಲ?"

"ಇರ್ತೇನೆ."

ಅವಳು ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಅಣ್ಣ ಹೊರಗಿನಿಂದ, "ಅಮ್ಮಾ, ಚಟ್ನಿಗೆ ಬೆಳ್ಳುಳ್ಳಿ ಹಾಕ್ಬೇಡ, ಮತ್ತೆ ಅಪ್ಪ ನನ್ನನ್ನು ಡಿಕ್ಕಿಯಲ್ಲಿ ಕೂರಿಸ್ತಾರೆ," ಎಂದು ಕೂಗಿದ. ನಮ್ಮ ಅಡಿಗೆಮನೆಗೆ ಬೆಳ್ಳುಳ್ಳಿ ಬರುವುದೇ ಇಲ್ಲ.

ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಅತ್ತಿಗೆ ಕೈ ಬೀಸಿದರು. ಅಮ್ಮ ಕೊನೆಯವಳಾಗಿ ಬಂದು, ಬಾಗಿಲು ಎಳೆದು, ಮತ್ತೆ ಒಳಗೆ ಹೋಗಿ, ಸ್ವಲ್ಪ ತಡೆದು ಬಂದಳು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಜಪವೋ, ಜನವೋ, ಹೆಬ್ಬೆರಳು ಎಲ್ಲಿ ನಿಂತಿತು ಎಂಬುದು ಕಾಣಲಿಲ್ಲ. ಕಾರು ಮಾರ್ಕೆಟ್ ಕಡೆಗೆ ತಿರುಗಿತು.

ಮನೆ ಇಷ್ಟು ದೊಡ್ಡದು ಎಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ. ಹೊರಗಿನ ಮೇಜಿನ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ದೋಸೆ ಹಿಟ್ಟಿತ್ತು, ಪಕ್ಕದಲ್ಲಿ ಚಟ್ನಿ. ನಾನು ನಿಜವಾಗಿ ಹೊರಗಾದ ದಿನಗಳಲ್ಲಿ ಅಮ್ಮ ಮನೆ ಬಿಟ್ಟು ಹೋಗುವಾಗ ದೇವರ ಕೋಣೆಯ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ ಹೋಗುತ್ತಾಳೆ. ದೀಪ ಹಚ್ಚಿಯೇ ಹೋಗುತ್ತಾಳೆ, ಅವಳು ಅದನ್ನು ಎಂದೂ ತಪ್ಪಿಸಿದವಳಲ್ಲ. ಅಂದು ಬಾಗಿಲು ತೆರೆದಿತ್ತು. ದೀಪಕ್ಕೆ ಎಣ್ಣೆ ತುಂಬಿಸಿತ್ತು, ಹೊಸ ಬತ್ತಿ ಎಣ್ಣೆಯಲ್ಲಿ ನೆನೆದಿತ್ತು, ಬೆಂಕಿಪೊಟ್ಟಣ ಮಣೆಯ ಪಕ್ಕದಲ್ಲಿತ್ತು. ಹಚ್ಚಿರಲಿಲ್ಲ.

ನಾನು ಸ್ವಲ್ಪ ಹೊತ್ತು ಹೊಸ್ತಿಲಿನಲ್ಲಿ ನಿಂತೆ. ಆಮೇಲೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ರವಿಕೆ ಸರಿಮಾಡಿಸಿದ ಹಳದಿ ಸೀರೆ ಉಟ್ಟೆ. ದೀಪ ಹಚ್ಚಿ ಮಣೆಯ ಮೇಲೆ ಕೂತೆ. ಸಂಕಲ್ಪದ ಮಾತುಗಳು ನನಗೆ ಬಾಯಿಪಾಠ. ಹೂವಿನ ಬುಟ್ಟಿ ಹಿಡಿದು ಕೇಳಿ ಕೇಳಿ ಬಂದದ್ದು. ದೇಶ, ಕಾಲ, ತಿಥಿ, ವಾರ ಎಲ್ಲ ಹೇಳಿದೆ. ಗೋತ್ರದ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ನಮ್ಮದು ಎಂದು ಹೇಳಲಿಲ್ಲ, ಕಾಶ್ಯಪ ಎಂದೂ ಹೇಳಲಿಲ್ಲ. ಅಷ್ಟು ಜಾಗ ಬಿಟ್ಟು, ಆಶ್ಲೇಷಾ ನಕ್ಷತ್ರ ಎಂದೆ, ನನ್ನ ಹೆಸರು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಖಾಲಿ ಮನೆಯಲ್ಲಿ ಅದು ಯಾರದೋ ಹೆಸರಿನ ಹಾಗೆ ಕೇಳಿಸಿತು.

ಅಡಿಗೆಮನೆಗೆ ಹೋಗಿ, ಕಾವಲಿ ಇಟ್ಟು, ಮೂರು ದೋಸೆ ಹೊಯ್ದು ನಿಂತಲ್ಲೇ ತಿಂದೆ. ಟೀಚರ್ ಆಚೆಯಿಂದ ನಮ್ಮ ಗಿಡಗಳಿಗೆ ಪೈಪು ಹಿಡಿದಿದ್ದರು, ನೀರು ಕಿಟಕಿಯ ಸರಳಿಗೆ ಸಿಡಿಯುತ್ತಿತ್ತು. ಕಾವಲಿ ತೊಳೆದು ಒರೆಸಿ ಇದ್ದಲ್ಲಿಗೆ ಇಟ್ಟೆ. ಡಬ್ಬಿಯನ್ನೂ ತೊಳೆದು, ಹೊರಗಿನ ಮೇಜಿನ ಮೇಲೆ, ಅಮ್ಮ ಇಟ್ಟಿದ್ದ ಹಾಗೆಯೇ ಇಟ್ಟೆ. ಸೀರೆ ಬಿಚ್ಚಿ ಮಡಚಿ ಕಪಾಟಿಗೆ ಸೇರಿಸಿ, ಚೂಡಿದಾರ ಹಾಕಿಕೊಂಡು, ಲ್ಯಾಬಿಗೆ ಫೋನ್ ಮಾಡಿ ರಜೆ ಬೇಡ, ಬರ್ತೇನೆ ಎಂದೆ. ದೀಪದಲ್ಲಿ ಇನ್ನೂ ಎಣ್ಣೆ ಇತ್ತು. ಅದನ್ನು ಉರಿಯಲು ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಬಸ್ಸಿಗೆ ನಡೆದೆ.